ಖಾಲಿ ಸಾಲು

ಪರೀಕ್ಷಾ ಮಂಡಳಿಯ ಲಕೋಟೆಯನ್ನು ಪುಸ್ತಕ ಹೊಲಿಯುವ ಬೈಂಡಿಂಗಮ್ಮ ಬೆರಳಕ್ಕನ ಮೇಜಿನ ಮೇಲೆ ತಂದಿಟ್ಟು, "ಪ್ರತಿ ಸಲ ಎರಡು ಕೈಯಲ್ಲಿ ಹೊರಬೇಕಿತ್ತು, ಈ ಸಲ ಇಷ್ಟು ತೆಳ್ಳಗಿದೆ" ಎಂದಳು.

ಅಂಧರ ಶಾಲೆಯ ಮುದ್ರಣಾಲಯದಲ್ಲಿ ಬೆಳಗಿನ ಕೆಲಸ ಆಗಲೇ ಶುರುವಾಗಿತ್ತು. ಮೂಲೆಯ ಬ್ರೈಲ್ ಯಂತ್ರ ದಪ್ಪ ಕಾಗದಕ್ಕೆ ಚುಕ್ಕಿ ಒತ್ತುತ್ತ ಗದ್ದಲ ಎಬ್ಬಿಸಿತ್ತು. ಆ ಗದ್ದಲದ ನಡುವೆಯೇ ಬೆರಳಕ್ಕ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿ, ಕೈ ಒರೆಸಿಕೊಂಡು, ಲಕೋಟೆಯಿಂದ ಹಾಳೆಗಳನ್ನು ಹೊರಗೆಳೆದಳು. ಕಳೆದ ವರ್ಷದ ವಿಜ್ಞಾನದ ಪ್ರಶ್ನೆಪತ್ರಿಕೆ. ಪ್ರಶ್ನೆಗಳು ಹಳೆಯವೇ. ಮಂಡಳಿಯವರು ಅದನ್ನು ಬ್ರೈಲಿಗೆ ಇಳಿಸುವ 'ಚುಕ್ಕಿ' ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಮತ್ತೆ ಮುದ್ರಿಸಿ ಮಾದರಿಗೆಂದು ಕಳಿಸಿದ್ದರು.

ಎಡಗೈಯನ್ನು ಹಾಳೆಯ ಅಂಚಿಗೆ ಇಟ್ಟು ಕೆಳಗೆ ಜಾರಿಸಿದಳು. ಯಾವುದೇ ಪ್ರಶ್ನೆಪತ್ರಿಕೆ ಕೈಗೆ ಬಂದರೆ ಅವಳು ಮೊದಲು ಮಾಡುವ ಕೆಲಸ ಅದು. ಪ್ರತಿ ಪ್ರಶ್ನೆಗೂ ಮೊದಲು ಒಂದು ಸಾಲು ಖಾಲಿ ಇರುತ್ತದೆ. ಪ್ರಶ್ನೆಯ ಸಂಖ್ಯೆ ಅಂಚಿಗೆ ಹತ್ತಿಕೊಂಡು ಶುರುವಾಗುತ್ತದೆ, ಮುಂದಿನ ಸಾಲುಗಳು ಚೂರು ಒಳಗೆ ಸರಿದಿರುತ್ತವೆ. ಬೆರಳು ಅಂಚಿನಲ್ಲೇ ಇಳಿಯುತ್ತ ಹೋದರೆ ಪ್ರಶ್ನೆಗಳು ಒಂದೊಂದಾಗಿ ತಾವೇ ಸಿಗುತ್ತವೆ. ಕಣ್ಣಿದ್ದವರು ಹಾಳೆಯ ಮೇಲೆ ಒಮ್ಮೆ ಕಣ್ಣಾಡಿಸಿ ಮಾಡುವ ಕೆಲಸವನ್ನು ಬೆರಳು ಹೀಗೆ ಮಾಡುತ್ತದೆ.

ಈ ಹಾಳೆಯಲ್ಲಿ ಬೆರಳಿಗೆ ಏನೂ ಸಿಗಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಚುಕ್ಕಿಗಳ ಗೋಡೆ. ಒಂದು ಪ್ರಶ್ನೆ ಮುಗಿದದ್ದೇ ಅದೇ ಸಾಲಿನಲ್ಲಿ ಇನ್ನೊಂದು ಹತ್ತಿಕೊಂಡಿತ್ತು. 'ಹೊಂದಿಸಿ ಬರೆಯಿರಿ' ಭಾಗಕ್ಕೆ ಬಂದಾಗ ಅವಳ ಕೈ ನಿಂತೇ ಹೋಯಿತು. ಎರಡು ಪಟ್ಟಿಗಳ ನಡುವಿನ ಅಂತರವನ್ನು ಅಳಿಸಿ, ಎಡಗಡೆಯದನ್ನೂ ಬಲಗಡೆಯದನ್ನೂ ಒಟ್ಟಿಗೆ ಕಲಸಿಟ್ಟಿದ್ದರು. ಶ್ವಾಸಕೋಶ ಯಾವ ಪಟ್ಟಿಯದು, ಆಮ್ಲಜನಕ ಯಾವುದರದು ಎಂದು ತಿಳಿಯಬೇಕಾದರೆ ಪತ್ರಿಕೆ ಬರೆದವರನ್ನೇ ಕರೆಸಬೇಕಿತ್ತು.

ಕೊನೆಯ ಹಾಳೆಯ ಕೊನೆಯ ಸಾಲು ಮಾತ್ರ ಎಂದಿನಂತೆ ಇತ್ತು: 'ಬೆರಳಿನಿಂದ ಓದಿ ನೋಡಿದ ಆವೃತ್ತಿ.' ಚುಕ್ಕಿ ಪ್ರತಿ ಪುಸ್ತಕದ ಕೊನೆಗೂ ತಾನಾಗಿ ಹಾಕುವ ಸಾಲು ಅದು. ಆ ಸಾಲನ್ನು ಬರೆದವಳು ಅವಳೇ.

"ಯಾರು ಓದಿದ್ದು?" ಎಂದಳು. ಬೈಂಡಿಂಗಮ್ಮ ತನ್ನನ್ನೇ ಕೇಳಿದರೆಂದುಕೊಂಡು ತನಗೆ ಬ್ರೈಲ್ ಓದಲು ಬರುವುದಿಲ್ಲವಲ್ಲ ಎಂದಳು. ಬೆರಳಕ್ಕನ ಕಿವಿಗೆ ಅದು ಬೀಳಲಿಲ್ಲ. ಪಿತ್ತ ನೆತ್ತಿಗೇರಿತ್ತು.

ಚುಕ್ಕಿ ಹುಟ್ಟಿದ್ದು ಇದೇ ಕೋಣೆಯಲ್ಲಿ. ಪಠ್ಯಪುಸ್ತಕವನ್ನು ಪುಟಪುಟವಾಗಿ ಕೈಯಿಂದ ಬ್ರೈಲಿಗೆ ಇಳಿಸಿ ಬೆರಳು ಬಾತುಕೊಂಡ ಒಂದು ವರ್ಷ, ಆ ಕೆಲಸವನ್ನು ಕಂಪ್ಯೂಟರಿಗೆ ಕಲಿಸುತ್ತೇನೆಂದು ಹಟ ಹಿಡಿದು ಕೂತವಳು ಅವಳು. ಜೊತೆಗೆ ಕೂತವರು ಅಕ್ಕನ ಗಂಡ. ಹಗಲು ಯಾವುದೋ ಕಚೇರಿಯ ಲೆಕ್ಕದ ತಂತ್ರಾಂಶ ನೋಡಿಕೊಳ್ಳುತ್ತಿದ್ದ ಭಾವ, ಸಂಜೆ ಬಂದು ಅವಳ ಪಕ್ಕದಲ್ಲಿ ಕೂತು ಕೋಡ್ ಬರೆದರು. ಮುಗಿದಾಗ ಇಬ್ಬರೂ ಸೇರಿ ಅದನ್ನು ಮುಕ್ತ ತಂತ್ರಾಂಶವಾಗಿ ಲೋಕಕ್ಕೆ ಬಿಟ್ಟರು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಕಟ್ಟುನಿಟ್ಟು ಇದ್ದದ್ದು ಒಂದೇ. ಕಾಗದದ ಮೇಲೆ ಬೀಳುವುದನ್ನು ಬದಲಿಸುವ ಯಾವುದೇ ತಿದ್ದುಪಡಿಯನ್ನು ಬೆರಳಿನಿಂದ ಓದುವ ಒಬ್ಬರಾದರೂ ಮುದ್ರಿಸಿ, ಓದಿ, 'ಓದಿದೆ' ಎಂದು ಬರೆಯಬೇಕು. ಆಮೇಲೆ ಮಾತ್ರ ಅದು ಒಳಗೆ ಬರುತ್ತದೆ. ಹೀಗೆ ಓದಿಕೊಡುವವರ ಬಳಗ ಊರೂರಲ್ಲಿ ಬೆಳೆಯಿತು. ಒಬ್ಬ ವಕೀಲರು, ಬ್ಯಾಂಕಿನ ಗುಮಾಸ್ತೆಯೊಬ್ಬಳು, ನಿವೃತ್ತ ಟೀಚರ್, ಪಿಯಾನೋ ಶ್ರುತಿ ಮಾಡುವವನೊಬ್ಬ. ಅವರೆಲ್ಲ ಅವಳಿಗೆ ಇಟ್ಟ ಹೆಸರು ಬೆರಳಕ್ಕ. ಮನೆಯವರಿಗೆ ಮಾತ್ರ ನಲವತ್ತು ದಾಟಿದ ಮೇಲೂ ಅವಳು ಪುಟ್ಟಿ.

ಬೆರಳಕ್ಕನ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು ಎಂಬುದನ್ನೂ ಹೇಳಿಬಿಡಬೇಕು. ಅರೆಬರೆ ತಿದ್ದುಪಡಿ ಕಳಿಸಿದವರಿಗೆ ಅವಳು ಬರೆದ ಉತ್ತರಗಳನ್ನು ಓದಿ ಎಷ್ಟೋ ಜನ ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಭಾವ ಬೆಣ್ಣೆಯಂಥ ಮಾತಾಡಿ ಅವರಲ್ಲಿ ಅರ್ಧ ಜನರನ್ನು ಮರಳಿ ಕರೆತರುತ್ತಿದ್ದರು. ಕೆಲಸ ಹಾಗೆ ಸಾಗಿತ್ತು.

ಕಂಪ್ಯೂಟರಿನ ಮುಂದೆ ಕೂತು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಳು. ಪರದೆಯ ಮೇಲಿನದನ್ನು ಓದಿ ಹೇಳುವ ದನಿ, ಚುಕ್ಕಿಯ ಹೊಸ ಜಾಲತಾಣವನ್ನು ಓದತೊಡಗಿತು. ಈ ತಾಣಕ್ಕೆ ಕೆಲಸವನ್ನೆಲ್ಲ ಸಾಗಿಸಿದ್ದು ಭಾವ, ಅವಳು ಪಿತ್ತಕೋಶದ ಆಪರೇಷನ್ ಆಗಿ ಮಲಗಿದ್ದಾಗ. ಮಂಡಳಿಯವರು ಚುಕ್ಕಿಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದೂ ಆಗಲೇ. ಹಾಗಾಗಿ ಬೆರಳಿನಿಂದ ಓದುವ ನಿಯಮದ ಜಾಗಕ್ಕೆ ಹೊಸ ನಿಯಮವೂ ಬಂದಿತ್ತು. ಯಾವ ತಿದ್ದುಪಡಿಯಾದರೂ ಒಂದು ವಾರ ಎಲ್ಲರ ಮುಂದೆ ಇರುತ್ತದೆ, ಅಷ್ಟರಲ್ಲಿ ಯಾರೂ ಆಕ್ಷೇಪಿಸದಿದ್ದರೆ ಒಪ್ಪಿದರು ಎಂದು ಲೆಕ್ಕ.

ದನಿ ಓದುತ್ತ ಹೋಯಿತು. ತಿದ್ದುಪಡಿಯ ಹೆಸರು: 'ಅನಗತ್ಯ ಖಾಲಿ ಜಾಗ ತೆಗೆದದ್ದು.' ಕಳಿಸಿದವನು: ಪೊರಕೆ. ಹೋದ ವರ್ಷದಿಂದ ಕೋಡ್ ಗುಡಿಸಿ ಸಾರಿಸಿ ಕೊಡುತ್ತಿದ್ದ ಯಾವನೋ ಒಬ್ಬ ಇಟ್ಟುಕೊಂಡ ಅಡ್ಡಹೆಸರು ಅದು. ಕಂಪ್ಯೂಟರ್ ತಾನಾಗಿ ನಡೆಸುವ ಕೋಡಿನ ಪರೀಕ್ಷೆಗಳೆಲ್ಲ ಪಾಸ್. ಆಕ್ಷೇಪ ಇಲ್ಲ. ಒಳಗೆ ಸೇರಿಸಲಾಗಿದೆ. ಅದರ ಕೆಳಗೆ ಇನ್ನೊಂದು: 'ಈ ಆವೃತ್ತಿಯನ್ನೇ ಈ ವರ್ಷದ ಪರೀಕ್ಷೆಗೆ ಅಂತಿಮ ಮಾಡುವುದು. ಅವಧಿ ಇಂದು ಸಂಜೆಗೆ ಮುಗಿಯುತ್ತದೆ. ಆಕ್ಷೇಪ ಇಲ್ಲ.'

ಅಂತಿಮವಾದರೆ ಪರೀಕ್ಷೆ ಮುಗಿಯುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ. ಅದು ಮಂಡಳಿಯ ಷರತ್ತು. ಅಂದರೆ ಈ ವರ್ಷ ಪರೀಕ್ಷೆಗೆ ಕೂರುವ ಕುರುಡು ಮಕ್ಕಳೆಲ್ಲರಿಗೂ ಸಿಗುವುದು ಇದೇ ಗೋಡೆ.

ಅವಳು ಭಾವನಿಗೆ ಫೋನ್ ಮಾಡಿದಳು. ಭಾವ ಎಂದಿನ ತಣ್ಣನೆಯ ದನಿಯಲ್ಲಿ ಆರೋಗ್ಯ ವಿಚಾರಿಸಿದರು, ಹೊಲಿಗೆ ಹಾಕಿದ ಜಾಗ ಇನ್ನೂ ನೋಯುತ್ತಿದೆಯೇ ಎಂದು ಕೇಳಿದರು. ಅವಳು ಮಾದರಿ ಪತ್ರಿಕೆಯ ವಿಷಯ ಎತ್ತಿದಾಗ, ಮಂಡಳಿಯವರಿಗೆ ತುಂಬ ಖುಷಿಯಾಗಿದೆ, ಕಾಗದ ಮೂರರಲ್ಲಿ ಒಂದು ಭಾಗ ಉಳಿಯಿತಂತೆ ಎಂದರು. ಓದಲಿಕ್ಕೆ ಆಗುವುದಿಲ್ಲ ಎಂದು ಅವಳು ಹೇಳಿದ್ದಕ್ಕೆ, ಅಕ್ಷರ ಒಂದೂ ತಪ್ಪಿಲ್ಲವಲ್ಲ, ಮಕ್ಕಳಿಗೆ ನಿಧಾನಕ್ಕೆ ರೂಢಿಯಾಗುತ್ತದೆ ಎಂದು ಸಮಾಧಾನ ಹೇಳಿದರು.

"ಭಾವ, ಇವತ್ತು ಸಂಜೆಯೊಳಗೆ ಅದನ್ನ ನಿಲ್ಲಿಸಿ."

"ನಾನು ಹೇಗೆ ನಿಲ್ಲಿಸಲಿ ಪುಟ್ಟಿ? ನಿಯಮ ಮಾಡಿದವನೇ ಮುರಿದ್ರೆ ಬೋರ್ಡಿನವರ ಮುಂದೆ ನಂಗೇನು ಮುಖ ಉಳಿಯುತ್ತೆ? ನೀನೇ ಆಕ್ಷೇಪಿಸು. ಆ ಹಕ್ಕು ನಿಂಗೂ ಇದೆಯಲ್ಲ."

"ನಿಮ್ಮ ಆಕ್ಷೇಪದ ಬಟನ್‌ಗೆ ಹೆಸರೇ ಇಲ್ಲ. ನನ್ನ ಕಂಪ್ಯೂಟರ್ ಬಟನ್ ಬಟನ್ ಬಟನ್ ಅಂತ ಬಡ್ಕೊಳ್ಳುತ್ತೆ ಅಷ್ಟೇ. ತಿಂಗಳ ಹಿಂದೆಯೇ ದೂರು ಕೊಟ್ಟಿದ್ದೆ."

ಆ ದೂರಿನ ಗತಿ ಏನಾಯಿತೆಂದು ಅವಳಿಗೆ ಗೊತ್ತಿತ್ತು. ಹೊಸ ತಾಣದ ನಿಯಮದಂತೆ ಅದೂ ಒಂದು ವಾರ ಎಲ್ಲರ ಮುಂದೆ ಇತ್ತು. ಬೆಂಬಲಿಸಬೇಕಾದವರು ಒತ್ತಬೇಕಾಗಿದ್ದದ್ದೂ ಅಂಥದ್ದೇ ಹೆಸರಿಲ್ಲದ ಬಟನ್. ಯಾರೂ ಒತ್ತಲಿಲ್ಲ. ಆಸಕ್ತಿ ಇಲ್ಲ ಎಂದು ತಾಣ ಅದನ್ನು ತಾನಾಗಿ ಮುಚ್ಚಿಹಾಕಿತ್ತು.

"ಅದಕ್ಕೇನು," ಎಂದರು ಭಾವ, "ಪಕ್ಕದಲ್ಲಿ ಯಾರಾದ್ರೂ ಇದ್ರೆ ಕೇಳು. ಒತ್ತಿಕೊಡ್ತಾರೆ."

ಅವಳು ಫೋನ್ ಇಟ್ಟಳು. ಒತ್ತಿಕೊಡುತ್ತಾರಂತೆ. ತಾನು ಕಟ್ಟಿದ ಮನೆಯ ಬಾಗಿಲು ತಟ್ಟಿ, ಯಾರದೋ ಕೈ ಹಿಡಿದು ಒಳಗೆ ಹೋಗಬೇಕಂತೆ. ಸಾಯುವವರೆಗೂ ಆಗದು ಎಂದುಕೊಂಡು, ತಾನೇ ಹುಡುಕಿ ಒತ್ತುತ್ತೇನೆಂದು ಕೀಲಿಮಣೆಯ ಮೇಲೆ ಬೆರಳಾಡಿಸಿದಳು. ಬಟನ್. ಬಟನ್. ಬಟನ್. ಮೂರು ಇವೆ. ಪುಟದ ಹಿಂದಿನ ಕೋಡ್ ತೆಗೆದು ನೋಡಿದಳು. ಅಲ್ಲೂ ಒಂದು, ಎರಡು, ಮೂರು ಎಂದಷ್ಟೇ ಇತ್ತು. ಮೊದಲನೆಯದೇ ಇರಬೇಕು, ಬೇಡ ಎನ್ನಲು ಬಂದವರಿಗಾಗಿ ತಾನೇ ಈ ಪುಟ ಎಂದು ತರ್ಕ ಮಾಡಿ, ಮೊದಲನೆಯದನ್ನು ಒತ್ತಿದಳು.

'ಧನ್ಯವಾದ. ನಿಮ್ಮ ಒಪ್ಪಿಗೆ ದಾಖಲಾಗಿದೆ' ಎಂದಿತು ದನಿ.

ಅವಳು ಮೇಜಿಗೆ ಗುದ್ದಿದ ರಭಸಕ್ಕೆ ಚಹಾದ ಲೋಟ ಉರುಳಿ ಬಿತ್ತು. ಬೈಂಡಿಂಗಮ್ಮ ಒರೆಸುವ ಬಟ್ಟೆ ಹಿಡಿದು ಓಡಿ ಬಂದಳು. ಆಕೆ ಬೆರಳಕ್ಕನಿಗಿಂತ ಹಿರಿಯಳು. ಆದರೂ ಮುದ್ರಣಾಲಯದ ಎಲ್ಲರಂತೆ ಅಕ್ಕ ಎಂದೇ ಕರೆಯುತ್ತಿದ್ದಳು. ಬೈಂಡಿಂಗಮ್ಮನನ್ನು ಕೇಳದೆ ಸಂಜೆಯವರೆಗೆ ತಡಕಾಡುತ್ತ ಕೂರಬಹುದಿತ್ತು. ಅಷ್ಟರಲ್ಲಿ ಪತ್ರಿಕೆ ಅಂತಿಮವಾಗುತ್ತಿತ್ತು, ಅದೂ ಅವಳದೇ ಒಪ್ಪಿಗೆಯ ಮೇಲೆ.

"ಬೈಂಡಿಂಗಮ್ಮ, ಇಲ್ಲಿ ಮೂರು ಬಟನ್ ಇದಾವಲ್ಲ. ಅದರ ಮೇಲೆ ಏನಿದೆ?"

"ಬರ್ದಿಲ್ಲ ಅಕ್ಕ. ಚಿತ್ರ ಬಿಡಿಸಿದಾರೆ. ಮೊದಲ್ನೇದು ಹೆಬ್ಬೆರಳು, ಮೇಲೆ ನೋಡ್ತಿದೆ. ಎರಡ್ನೇದು ಹೆಬ್ಬೆರಳು, ಕೆಳಗೆ ನೋಡ್ತಿದೆ." ಆಕೆ ತಡೆದಳು. "ಮೂರ್ನೇದು ಹೇಳ್ಲಾ?"

"ಹೇಳಿ."

"ಕಣ್ಣು."

ಬೆರಳಿನಿಂದ ಓದುವವರ ತಂತ್ರಾಂಶ. ಅದರಲ್ಲಿ ಬೆರಳಿನಿಂದ ಓದಿ ನೋಡುವ ನಿಯಮ ಕಿತ್ತು ಹಾಕಿ, ಆ ಜಾಗದಲ್ಲಿ ಬೆರಳಿನ ಚಿತ್ರ ಬಿಡಿಸಿಟ್ಟಿದ್ದರು. ಅವಳಿಗೆ ನಗು ಬಂತು. ಆ ನಗು ಕೇಳಿ ಬೈಂಡಿಂಗಮ್ಮ ಒರೆಸುವ ಬಟ್ಟೆಯನ್ನು ಅಲ್ಲೇ ಬಿಟ್ಟು ಮೆಲ್ಲನೆ ಹಿಂದಕ್ಕೆ ಸರಿದಳು.

ಬೆರಳಕ್ಕ ಎರಡನೆಯದನ್ನು ಒತ್ತಿದಳು. ಒಪ್ಪಿಗೆ ರದ್ದಾಯಿತು. ಆಕ್ಷೇಪ ದಾಖಲಾಯಿತು. ಕಾರಣ ಬರೆಯಿರಿ ಎಂದಿತು ದನಿ. ಅಂತಿಮ ತೀರ್ಮಾನವನ್ನು ತಡೆಯಲು ಒಬ್ಬರ ಆಕ್ಷೇಪ ಸಾಲದು, ಬಳಗದ ಇನ್ನೊಬ್ಬರಾದರೂ ಅವಧಿಯೊಳಗೆ ಬೆಂಬಲಿಸಬೇಕು ಎಂದೂ ಹೇಳಿತು.

ಕಾರಣ ಬರೆಯುವ ಮುಂಚೆ ಪೊರಕೆಗೆ ನಾಲ್ಕು ಮಾತು ಬರೆಯಬೇಕೆಂದು ಅವನ ತಿದ್ದುಪಡಿಯ ಪುಟಕ್ಕೆ ಹೋದಳು. ಬರೆಯಬೇಕಾದ ಮಾತುಗಳು ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ಅಲ್ಲಿ ನಡೆದ ಚರ್ಚೆಯನ್ನು ದನಿ ಓದಿತು. ಪೊರಕೆ ಮೊದಲ ದಿನವೇ ಕೇಳಿದ್ದ: 'ಈ ಖಾಲಿ ಸಾಲುಗಳು ಬ್ರೈಲ್ ಓದುವವರಿಗೆ ಬೇಕೇ? ನನಗೆ ಗೊತ್ತಿಲ್ಲ. ಗೊತ್ತಿದ್ದವರು ಹೇಳಿದರೆ ಬಿಟ್ಟುಬಿಡುತ್ತೇನೆ.' ಉತ್ತರಿಸಿದ್ದು ಒಬ್ಬರೇ, ಭಾವ: 'ಬೇಕಿಲ್ಲ ಅನಿಸುತ್ತದೆ. ಕಾಗದವೂ ಉಳಿಯುತ್ತದೆ. ಮುಂದುವರಿಸಿ.'

ಅವಳು ಪೊರಕೆಗೆ ಏನೂ ಬರೆಯಲಿಲ್ಲ. ಹೆಡ್‌ಫೋನ್ ತೆಗೆದಿಟ್ಟಳು. ಬ್ರೈಲ್ ಯಂತ್ರ ನಿಂತಿತ್ತು, ಕೋಣೆಯಲ್ಲಿ ಅಂಟಿನ ವಾಸನೆ. ಬೆಳಗಿನಿಂದ ಹೊತ್ತಿಕೊಂಡಿದ್ದ ಕೋಪಕ್ಕೆ ಈಗ ವಿಳಾಸ ಸಿಕ್ಕಿತ್ತು.

ಆಕ್ಷೇಪಕ್ಕೆ ಕಾರಣ ಬರೆದು, ಬಳಗಕ್ಕೆಲ್ಲ ಒಂದೇ ಮಿಂಚಂಚೆ ಕಳಿಸಿದಳು. ಎರಡು ಪಟ್ಟಿಗಳು ಹೇಗೆ ಕಲಸಿಹೋಗಿವೆ ಎಂದು ವಿವರಿಸಿ, ದಾರಿಯನ್ನೂ ಬರೆದಳು: 'ಪುಟದ ಕೊನೆಗೆ ಹೋಗಿ. ಹೆಸರಿಲ್ಲದ ಮೂರು ಬಟನ್ ಸಿಗುತ್ತವೆ. ನಡುವಿನದು ಬೇಡ ಎನ್ನುವುದಕ್ಕೆ. ಮೊದಲನೆಯದನ್ನು ಒತ್ತಬೇಡಿ, ನಾನು ಒತ್ತಿ ಕೆಟ್ಟೆ.'

ಮೊದಲು ಬಂದದ್ದು ವಕೀಲರ ಆಕ್ಷೇಪ. ಹಿಂದೆಯೇ ಟೀಚರದು, ಗುಮಾಸ್ತೆಯದು. ಜೊತೆಗೆ ಅವಳಿಗೆ ಬೇರೆಯಾಗಿ ಉತ್ತರಗಳೂ ಬಂದವು, ಅವೆಲ್ಲವೂ ಹೆಚ್ಚುಕಡಿಮೆ ಒಂದೇ ಧಾಟಿಯವು. ವಕೀಲರು ಬರೆದಿದ್ದರು: ಹೊಸ ತಾಣ ನನಗೊಬ್ಬನಿಗೆ ಮಾತ್ರ ಅರ್ಥವಾಗುತ್ತಿಲ್ಲ, ವಯಸ್ಸಾಯಿತು ಅಂದುಕೊಂಡು ಸುಮ್ಮನಿದ್ದೆ. ಶ್ರುತಿ ಮಾಡುವವನು ಎರಡು ಸಲ ತಡಕಾಡಿ, ಯಾರನ್ನಾದರೂ ಕೇಳಲು ನಾಚಿಕೆಯಾಗಿ ಬಿಟ್ಟಿದ್ದನಂತೆ. ಗುಮಾಸ್ತೆ ತನ್ನ ಕಂಪ್ಯೂಟರೇ ಹಳೆಯದೆಂದು ಹೊಸದನ್ನು ಕೊಳ್ಳುವ ಯೋಚನೆಯಲ್ಲಿದ್ದಳು. ಪ್ರತಿಯೊಬ್ಬರೂ ತಪ್ಪು ತಮ್ಮದೇ ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡಿದ್ದರು. ತಾಣವು ಅದನ್ನೆಲ್ಲ ಒಪ್ಪಿಗೆ ಎಂದು ಎಣಿಸಿಕೊಂಡಿತ್ತು.

ಮಧ್ಯಾಹ್ನ ಭಾವ ಮುದ್ರಣಾಲಯಕ್ಕೆ ಬಂದರು. ಚಪ್ಪಲಿ ನೆಲಕ್ಕೆ ಬಡಿಯುವುದರಲ್ಲೇ ಅವರ ಸಿಟ್ಟು ಅವಳಿಗೆ ಕೇಳಿಸಿತು. ಬೈಂಡಿಂಗಮ್ಮ ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. ಮಂಡಳಿಯ ಅಧಿಕಾರಿ ಫೋನಿನಲ್ಲಿ ಜಾಡಿಸಿದ್ದನ್ನು ನಿಂತೇ ಹೇಳಿದರು. ಕೊನೆಯ ಗಳಿಗೆಯಲ್ಲಿ ಬೀದಿ ಜಗಳದಂತೆ ಎಲ್ಲರೂ ಮೈಮೇಲೆ ಬಿದ್ದರೆ ಇಂಥವರನ್ನು ನಂಬಿ ಪರೀಕ್ಷೆ ನಡೆಸುವುದು ಹೇಗೆ ಎಂದು ಆತ ಕೇಳಿದನಂತೆ. ಈ ಒಂದು ಒಪ್ಪಿಗೆಗಾಗಿ ತಾನು ಆ ಕಚೇರಿಯ ಮೆಟ್ಟಿಲು ಸವೆಸಿದ್ದು ಪುಟ್ಟಿಗೆ ಗೊತ್ತಿಲ್ಲವೇ ಎಂದರು. ಅವಳು ಆಸ್ಪತ್ರೆಯಲ್ಲಿದ್ದಾಗ ಮೂರು ಶಾಲೆಯ ಪುಸ್ತಕ ನಿಂತುಹೋಗಿದ್ದವು. ಅವಳ ಮಾತಿಲ್ಲದೆ 'ಓದಿದೆ' ಎಂದು ಬರೆಯಲು ಬಳಗದವರೇ ಹೆದರುತ್ತಿದ್ದರು.

"ಎಲ್ಲ ಕೆಲಸಾನೂ ಒಬ್ಬಳ ಬೆರಳಿಗೆ ಕಾದು ಕೂತಿತ್ತು ಪುಟ್ಟಿ. ಅದಕ್ಕೇ ನಿಯಮ ಬದಲಾಯಿಸಿದೆ. ಕೋಡಿನ ಪರೀಕ್ಷೆಗಳೆಲ್ಲ ಪಾಸಾಗಿದ್ವು. ಖಾಲಿ ಜಾಗ ಬಿಟ್ಟು ಬರೀ ಅಕ್ಷರ ನೋಡೋ ಆ ಪರೀಕ್ಷೆಯ ಕೋಡ್ ಬರೆದವಳು ಯಾರು? ನೀನೇ."

ಅದು ನಿಜವಾಗಿತ್ತು. ಖಾಲಿ ಜಾಗ ಬೆರಳಿಗೇ ಗೊತ್ತಾಗುತ್ತದೆ, ಕಂಪ್ಯೂಟರ್ ನೋಡಬೇಕಾಗಿಲ್ಲ ಎಂದು ಹಿಂದೆ ಅವಳೇ ಹಾಗೆ ಬರೆದಿದ್ದಳು.

"ನಾನೇ," ಎಂದಳು. "ಪುಸ್ತಕ ನಿಂತಿದ್ದೂ ನನ್ನಿಂದ್ಲೇ. ಜನ ಹೆದರೋ ಹಾಗೆ ನಡ್ಕೊಂಡೆ. ಅದನ್ನ ಬೇಕಾದ್ರೆ ಬರೆದು ಹಾಕ್ತೀನಿ. ಈಗ ನೀವು ಹೇಳಿ. ಪೊರಕೆ ಕೇಳಿದ್ದ, ಖಾಲಿ ಸಾಲು ಬೇಕಾ ಅಂತ. ನೀವು ಯಾರನ್ನ ಕೇಳಿ ಬೇಡ ಅಂದ್ರಿ?"

ಭಾವನ ಚಪ್ಪಲಿ ಬಾಗಿಲ ಕಡೆಗೆ ಎರಡು ಹೆಜ್ಜೆ ಸರಿಯಿತು.

"ಇಷ್ಟು ವರ್ಷ ನನ್ನ ಪಕ್ಕದಲ್ಲೇ ಕೂತು ಕೆಲಸ ಮಾಡಿದ್ರಿ. ನಾನು ಹಾಳೆ ಮೇಲೆ ಕೈ ಆಡಿಸೋದನ್ನ ದಿನಾ ನೋಡಿದ್ರಿ. ಒಂದು ಫೋನ್ ಮಾಡೋಕಾಗ್ಲಿಲ್ವ? ಆಸ್ಪತ್ರೇಲಿ ನಂಗೆ ಹೊಟ್ಟೆ ಕೊಯ್ದಿದ್ರು ಭಾವ, ಕಿವಿ ಕೊಯ್ದಿರಲಿಲ್ಲ."

ಬೈಂಡಿಂಗಮ್ಮ ಸೂಜಿ ಕೆಳಗಿಟ್ಟ ಸದ್ದು ಕೇಳಿಸಿತು.

ಭಾವ ಈಗ ಕುರ್ಚಿ ಎಳೆದು ಕೂತರು. ಮಂಡಳಿ ಕೈಬಿಟ್ಟರೆ ಆಗುವುದೇನು ಎಂದು ಮೊದಲಿಗಿಂತ ಮೆಲ್ಲನೆ ಹೇಳಿದರು. ಚುಕ್ಕಿ ಬರುವ ಮುಂಚೆ ಪರೀಕ್ಷೆಯಲ್ಲಿ ಯಾರೋ ಒಬ್ಬರು ಪಕ್ಕದಲ್ಲಿ ಕೂತು ಪ್ರಶ್ನೆ ಓದಿ ಹೇಳುತ್ತಿದ್ದರು. ಇನ್ನೊಮ್ಮೆ ಓದಿ ಎಂದು ಕೇಳಲು ಮಕ್ಕಳು ಅಂಜುತ್ತಿದ್ದರು. ಮತ್ತೆ ಅಲ್ಲಿಗೇ ಹೋಗುವುದಕ್ಕಿಂತ, ಚೂರು ಕಷ್ಟವಾದರೂ ಕೈಯಲ್ಲೊಂದು ಪತ್ರಿಕೆ ಇರುವುದು ಮೇಲಲ್ಲವೇ? ಅವಳೂ ಹಾಗೆಯೇ, ಇನ್ನೊಬ್ಬರ ಬಾಯಿಂದ ಪ್ರಶ್ನೆ ಕೇಳಿ ಪರೀಕ್ಷೆ ಬರೆದವಳು.

"ಹಿಂದಿನ ಆವೃತ್ತಿ ಇದೆಯಲ್ಲ," ಎಂದಳು ಕೊನೆಗೆ. "ಬಳಗ ಓದಿದ್ದು. ಈ ವರ್ಷ ಅದ್ರಲ್ಲೇ ಮುದ್ರಿಸ್ಲಿ. ಕಾಗದ ಜಾಸ್ತಿ ಆಗುತ್ತೆ, ಆಗ್ಲಿ. ಬೇಡ, ನಮಗೆ ಈ ಹೊಸದೇ ಬೇಕು ಅಂದ್ರೆ ತಗೊಂಡು ಹೋಗ್ಲಿ, ಲೈಸೆನ್ಸು ನಾನೇ ಕೊಟ್ಟಿದೀನಿ, ತಡೆಯೋಕೆ ಆಗಲ್ಲ. ಆದ್ರೆ ಬೆರಳಿನಿಂದ ಓದಿದ್ದು ಅನ್ನೋ ಸಾಲನ್ನ ಅವರ ಕೈಯಾರೆ ತೆಗೀಬೇಕು. ಓದದೇ ಓದಿದೆ ಅಂತ ಮಕ್ಕಳ ಕೈಗೆ ಕೊಡೋದಾದ್ರೆ ನಾನು ಪ್ರತಿ ಅಂಧರ ಶಾಲೆಗೂ ಫೋನ್ ಮಾಡಿ ಹೇಳ್ತೀನಿ, ಸುಳ್ಳು ಅಂತ. ಇದನ್ನ ಈಗ್ಲೇ ಫೋನ್ ಮಾಡಿ ಹೇಳಿ. ನನ್ನೆದುರಿಗೆ."

ಭಾವ ಹೊರಗೆ ಹೋಗಿ ಮಾತಾಡಿದರು. ಬಾಗಿಲ ಆಚೆಯಿಂದ ಅವರ ದನಿ ಏಳುವುದೂ ತಗ್ಗುವುದೂ ಕೇಳಿಸುತ್ತಿತ್ತು. ಒಮ್ಮೆ ಅವರು, ಇಲ್ಲ ಸಾರ್, ಯಾರೂ ಓದಿಲ್ಲ, ಓದಿದೆ ಅಂತ ಹೇಳಿದ್ದು ನನ್ನ ತಪ್ಪು ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಒಳಗೆ ಬಂದವರು ನಿಂತಲ್ಲೇ ವರದಿ ಒಪ್ಪಿಸಿದರು. ಈ ವರ್ಷಕ್ಕೆ ಹಿಂದಿನ ಆವೃತ್ತಿ. ಮುಂದಿನ ವರ್ಷದ್ದನ್ನು ಈಗಲೇ ಹೇಳುವಂತಿಲ್ಲ. ಮಂಡಳಿ ತನ್ನದೇ ಜನರನ್ನು ಇಟ್ಟುಕೊಂಡು ಬೇರೆಯದನ್ನೇ ಮಾಡಿಸಿಕೊಳ್ಳಬಹುದು. ಹಾಗಾದರೆ ಅಲ್ಲಿಗೆ ಬರುತ್ತೀರಾ ಎಂದು ಅಧಿಕಾರಿ ತಮ್ಮನ್ನು ಕೇಳಿದ್ದಾರೆ, ಯೋಚಿಸುತ್ತೇನೆ ಎಂದಿರುವುದಾಗಿ ಹೇಳಿದರು.

"ಯೋಚಿಸಿ," ಎಂದಳು ಅವಳು. ಹಳೆಯ ನಿಯಮ ಇವತ್ತೇ ವಾಪಸ್ ಬರಬೇಕು, ಆದರೆ ಇನ್ನು ಮುಂದೆ ಬಳಗದ ಯಾರು 'ಓದಿದೆ' ಎಂದರೂ ಸಾಕು, ತನ್ನ ಮಾತಿಗೆ ಕಾಯಬೇಕಾಗಿಲ್ಲ ಎಂದೂ ಹೇಳಿದಳು. ಕೊನೆಯ ಮಾತನ್ನು ಹೇಳುವಾಗ ನುಂಗಲಾರದ್ದನ್ನು ನುಂಗಿದಂತಾಯಿತು.

ಭಾವ ಅವಳ ಕಂಪ್ಯೂಟರಿನಲ್ಲೇ ಕೂತು ನಿಯಮವನ್ನು ಬದಲಿಸಿದರು. ಮುಗಿದ ಮೇಲೆ ಎದ್ದು ಬಾಗಿಲವರೆಗೆ ಹೋಗಿ ನಿಂತರು.

"ಭಾನುವಾರ ಊಟಕ್ಕೆ ಬರ್ತೀಯಲ್ಲ? ನಿಮ್ಮಕ್ಕ ಕೇಳ್ತಾಳೆ."

"ಬರ್ತೀನಿ," ಎಂದಳು ಅವಳು. "ಅಕ್ಕನ ಜೊತೆ ಮಾತಾಡ್ತೀನಿ. ನಿಮ್ಮ ಜೊತೆ ಇಲ್ಲ."

ಭಾವ ಸರಿ ಎಂದು ಹೊರಟರು. ಚಪ್ಪಲಿಯ ಸದ್ದು ಅಂಗಳ ದಾಟುವವರೆಗೆ ಅವಳು ಕಿವಿಗೊಟ್ಟಿದ್ದಳು. ಆಮೇಲೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಪೊರಕೆಯ ಪ್ರಶ್ನೆಯ ಕೆಳಗೆ, 'ಬೇಕು. ಯಾಕೆಂದು ಹೇಳುತ್ತೇನೆ, ಸಾವಕಾಶ ಇದ್ದರೆ ಓದು' ಎಂದು ಬರೆಯತೊಡಗಿದಳು. ಎರಡು ಸಲ ತಪ್ಪಕ್ಷರ ಒತ್ತಿ ಅಳಿಸಿದಳು.